ಭಾವನ ನಾಲ್ಕನೇ ಡಬ್ಬಿ

ನಮ್ಮ ಭಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ದನಿಯ ಲೆವೆಲ್ ನೆನಪಿರುತ್ತದೆ. ನಂಬಿಕೆ ಬಾರದಿದ್ದರೆ ದೆಹಲಿಯ ದ್ವಾರಕಾದ ಯಾವುದಾದರೂ ಕನ್ನಡದವರ ಮನೆ ಗೃಹಪ್ರವೇಶಕ್ಕೆ ಅವರನ್ನು ಕರೆದುಕೊಂಡು ಹೋಗಿ ನೋಡಿ. ಎದುರಿಗೆ ಬಂದು ಕೈಮುಗಿದವರನ್ನು ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಗುರುತು ಹತ್ತುವುದಿಲ್ಲ. ಆ ಮನುಷ್ಯ "ಚೆನ್ನಾಗಿದೀರಾ ಸಾರ್?" ಎಂದು ಬಾಯಿ ತೆರೆದರೆ ಸಾಕು, ಭಾವನ ಮುಖ ಹಳೇ ಟ್ಯೂಬ್‌ಲೈಟಿನ ಹಾಗೆ ಎರಡು ಸಲ ಮಿಣುಕಿ ಹತ್ತಿಕೊಳ್ಳುತ್ತದೆ. "ಓಹೋ, ನೀವಾ! ಹೋದ ಯುಗಾದಿಗೆ ಏಳನೇ ಚಾನೆಲ್ಲು! ಪೂರ್ತಿ ಹಸಿರಲ್ಲೇ ಇದ್ರಿ, ಕೊನೇಲಿ ಒಂದೇ ಒಂದು ಸಲ ಕೆಂಪು ಹೊಡೆದ್ರಿ." ಹೀಗೆ ಗುರುತು ಹಿಡಿಸಿಕೊಂಡವರು ಸಂತೋಷಪಡಬೇಕೋ ತಪ್ಪಾಯಿತು ಎನ್ನಬೇಕೋ ಗೊತ್ತಾಗದೆ ಪಾಯಸದ ಕಡೆಗೆ ಸರಿದುಹೋಗುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸೇನೆಯ ಸಿಗ್ನಲ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ತಂತಿ ಎಳೆದು, ಗಂಟು ಹಾಕಿ, ಗಂಟು ಬಿಚ್ಚಿ ನಿವೃತ್ತರಾದವರು. ನಿವೃತ್ತರಾದ ಗಂಡಸರಿಗೆ ದೆಹಲಿಯಲ್ಲಿ ಇರುವ ಕೆಲಸಗಳು ಎರಡೇ. ಬೆಳಿಗ್ಗೆ ಪಾರ್ಕಿನಲ್ಲಿ ವೃತ್ತಾಕಾರವಾಗಿ ನಿಂತು ಹೊಟ್ಟೆ ಹಿಡಿದುಕೊಂಡು ನಗುವ ಕೂಟ ಸೇರುವುದು. ಇಲ್ಲವೇ ಹೌಸಿಂಗ್ ಸೊಸೈಟಿಯ ಚುನಾವಣೆಗೆ ನಿಂತು ಸೋಲುವುದು. ಭಾವ ಎರಡನ್ನೂ ಮಾಡಲಿಲ್ಲ. ಕೆಂಪುಕೋಟೆಯ ಎದುರಿನ ಎಲೆಕ್ಟ್ರಾನಿಕ್ ಸಾಮಾನಿನ ಗಲ್ಲಿಗೆ ಹೋಗಿ ಹದಿನಾರು ಚಾನೆಲ್ಲಿನ ಒಂದು ಸೆಕೆಂಡ್ ಹ್ಯಾಂಡ್ ಮಿಕ್ಸರ್ ಕೊಂಡರು. ಅಡುಗೆಮನೆಯದ್ದಲ್ಲ, ಸ್ವಾಮಿ! ಸಭೆ ಸಮಾರಂಭಗಳಲ್ಲಿ ಮೈಕುಗಳನ್ನೆಲ್ಲ ಒಂದು ಕಡೆ ಕೂಡಿಸಿ ಸ್ಪೀಕರಿಗೆ ಕಳಿಸುತ್ತಾರಲ್ಲ, ಆ ಗುಂಡಿಗಳ ಹಲಗೆ. ಅದನ್ನು ಹಸುಗೂಸಿನ ಹಾಗೆ ತಬ್ಬಿಕೊಂಡು ಮೆಟ್ರೋದಲ್ಲಿ ತಂದರು. ಸ್ಟೇಷನ್ನಿನ ತಪಾಸಣೆಯಲ್ಲಿ ನಿಂತಿದ್ದ ಜವಾನ ಪಾಪ, ಕೇಳಬಾರದಿತ್ತು, ಕೇಳಿಬಿಟ್ಟ. "ಯೇ ಕ್ಯಾ ಹೈ, ಅಂಕಲ್?" ಭಾವ ಹಿಂದೆ ಸಾಲುಗಟ್ಟಿದ್ದ ಜನರನ್ನು ಲೆಕ್ಕಿಸದೆ ಎಡತುದಿಯ ಗುಂಡಿಯಿಂದ ಶುರುಮಾಡಿ ಒಂಬತ್ತನೇ ಚಾನೆಲ್ಲಿನವರೆಗೆ ವಿವರಿಸಿದರು. ಅಲ್ಲಿಗೆ ಆ ಜವಾನ ಕೈಮುಗಿದು, "ಬಸ್ ಅಂಕಲ್, ಆಪ್ ಜಾಯಿಯೇ" ಎಂದನಂತೆ. ಉಳಿದ ಏಳು ಚಾನೆಲ್ಲು ಅವನಿಗೆ ಗೊತ್ತಾಗದೇ ಹೋಯಿತಲ್ಲ ಎಂದು ಭಾವನಿಗೆ ಇವತ್ತಿಗೂ ಕೊರಗು.

ಅಂದಿನಿಂದ ನಮ್ಮ ಕಡೆಯ ಕನ್ನಡಿಗರ ಕೂಟಕ್ಕೆ ಅವರೇ ಸೌಂಡಿನವರು. ಮಿಕ್ಸರಿಗೆ ಮನೆಯಲ್ಲಿ ದಿವಾನದ ಮೇಲೆ ಖಾಯಂ ಜಾಗ. ಅಕ್ಕ ಹಳೆಯ ರಜಾಯಿ ಕತ್ತರಿಸಿ ಅದಕ್ಕೆ ಹೂವಿನ ಗವಸು ಹೊಲಿದುಕೊಟ್ಟಿದ್ದಾಳೆ. ಡಿಸೆಂಬರಿನ ಚಳಿಯಲ್ಲಿ ಅವರ ಮನೆಗೆ ಹೋದ ನೆಂಟರು ನಡುಗುತ್ತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ, ಮಿಕ್ಸರ್ ಬೆಚ್ಚಗೆ ಮಲಗಿರುತ್ತದೆ.

ಆ ಹಲಗೆಯ ಮೇಲೆ ಒಂದೊಂದು ಮೈಕಿಗೂ ಒಂದೊಂದು ಓಣಿ. ಓಣಿಯಲ್ಲಿ ಪುಟ್ಟ ದೀಪಗಳು. ಮೈಕಿನ ಮುಂದೆ ಸಹಜವಾಗಿ ಮಾತಾಡಿದರೆ ಹಸಿರು, ಗಟ್ಟಿಯಾಗಿ ಹಾಡಿದರೆ ಹಳದಿ, ಕಿರುಚಿದರೆ ಕೆಂಪು. ದನಿ ಹಲಗೆಯ ಒಳಗೆ ಬರುತ್ತಿದೆ, ಇಷ್ಟು ಬರುತ್ತಿದೆ ಎಂದು ತಿಳಿಸುವುದಷ್ಟೇ ದೀಪದ ಕೆಲಸ. ಒಳಗೆ ಬಂದದ್ದು ಹೊರಗೆ ಸಭಿಕರಿಗೆ ಮುಟ್ಟಬೇಕಾದರೆ ಓಣಿಯ ಬುಡದಲ್ಲಿರುವ ಫೇಡರ್ ಎಂಬ ಜಾರುವ ಗುಂಡಿಯನ್ನು ಮೇಲಕ್ಕೆ ತಳ್ಳಬೇಕು. ಇಷ್ಟನ್ನು ನನಗೆ ತಿಳಿಸಲು ಭಾವ ನಮ್ಮ ಮನೆಯ ಒಲೆಯ ಮುಂದೆಯೇ ಬಂದು ನಿಂತರು.

"ಹಾಲು ಕಾಯಿಸ್ತೀಯಲ್ಲ? ಹಸಿರು ಅಂದ್ರೆ ಬೆಚ್ಚಗಾಗ್ತಿದೆ. ಹಳದಿ ಅಂದ್ರೆ ಕೆನೆ ಕಟ್ಟಿ ಮೇಲಕ್ಕೆ ಬರ್ತಿದೆ. ಕೆಂಪು ಅಂದ್ರೆ ಚೆಲ್ಲಿತು. ಒಲೆ ಮೇಲೆ ಚೆಲ್ಲಿದ್ದನ್ನ ವಾಪಸ್ ಪಾತ್ರೆಗೆ ಹಾಕೋಕಾಗುತ್ತಾ?"

"ಆಗಲ್ಲ, ಭಾವ."

"ಅಷ್ಟೇ ಸೌಂಡು."

ಈ ಮಾತುಕತೆಯ ನಡುವೆ ನನ್ನ ಹಾಲು ನಿಜವಾಗಿಯೂ ಚೆಲ್ಲಿತು. ಭಾವ ಒಲೆಯನ್ನು ನೋಡಿ, "ನೋಡಿದ್ಯಾ, ಕೆಂಪು!" ಎಂದು ಪಾಠ ಮುಗಿಸಿ ಹೊರಟರು. ಒಲೆ ಒರೆಸಿದ್ದು ನಾನು.

ಪಾಠ ಮಿಕ್ಸರಿಗೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಭಾವನ ಕಣ್ಣಿಗೆ ಇಡೀ ದೆಹಲಿಯೇ ಕೆಂಪು ಹೊಡೆಯುತ್ತಿರುವ ಊರು. ಅವರ ಬ್ಲಾಕಿಗೆ ಬೆಳಿಗ್ಗೆ ಎಂಟಕ್ಕೆ ತಳ್ಳುಗಾಡಿಯ ತರಕಾರಿ ಭಯ್ಯಾ ಬರುತ್ತಿದ್ದ. "ಆಲೂ ಲೇಲೋ, ಗೋಭೀ ಲೇಲೋ" ಎಂದು ಅವನು ಕೂಗಿದರೆ ನಾಲ್ಕನೆಯ ಮಹಡಿಯ ಪಾರಿವಾಳಗಳು ಹಾರುತ್ತಿದ್ದವು. ಭಾವ ಬನಿಯನ್ನಿನಲ್ಲೇ ಇಳಿದುಹೋಗಿ ಬಹಳ ಮರ್ಯಾದೆಯಿಂದ ಹೇಳಿದರು: "ಭಯ್ಯಾ, ಆವಾಜ್ ಅಚ್ಛಾ ಹೈ. ಬಸ್ ಥೋಡಾ ಪೀಛೆ ಹಟ್‌ಕೇ ಬೋಲೋ." ಹಾಡುವವರಿಗೆ ಮೈಕಿನಿಂದ ಸ್ವಲ್ಪ ಹಿಂದೆ ಸರಿಯಿರಿ ಎನ್ನುತ್ತಾರಲ್ಲ, ಹಾಗೆ. ಫೌಜಿ ಸಾಹೇಬರ ಮಾತು ಎಂದು ಭಯ್ಯಾ ವಿಧೇಯನಾಗಿ ಹಿಂದೆ ಸರಿದ. ಎಷ್ಟು ಸರಿದ ಎಂದರೆ ಗಾಡಿ ಪಕ್ಕದ ಬ್ಲಾಕಿನ ಗೇಟಿನ ಮುಂದೆ ನಿಂತಿತು. ಅವತ್ತಿನಿಂದ ಕೊತ್ತಂಬರಿ ಸೊಪ್ಪು ಬೇಕಾದರೆ ಇಡೀ ಬ್ಲಾಕಿನ ಹೆಂಗಸರು ರಸ್ತೆ ದಾಟಿ ಹೋಗಬೇಕು. ಎಲ್ಲರೂ ಬಂದು ಅಕ್ಕನ ಮುಂದೆ ಗೊಣಗಿದರು. ಅಕ್ಕ ಸ್ವೆಟರ್ ಹೆಣೆಯುತ್ತ, ನಗುತ್ತ, "ಹೂಂ, ಹೂಂ" ಎಂದಳು.

ಅಕ್ಕ ಈಗೀಗ ಎಲ್ಲದಕ್ಕೂ ಹೂಂ ಎನ್ನುವವಳೇ. ಮೊದಲು ಹೀಗಿರಲಿಲ್ಲ. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಎಲ್ಲರಿಗಿಂತ ಜೋರು ಬಾಯಿ ಅವಳದ್ದು. ಹಾಡು ಅಂದರೆ ಪ್ರಾಣ. ನನಗೆ ತಲೆ ಬಾಚುತ್ತ ಹಾಡು ಹೇಳಿಕೊಡುತ್ತಿದ್ದಳು; ತಪ್ಪು ಹೇಳಿದರೆ ಜಡೆ ಬಿಗಿಯಾಗುತ್ತಿತ್ತು. ಈಗ ಫೋನು ಮಾಡಿದರೆ ಎತ್ತುವುದಿಲ್ಲ, ಹತ್ತು ನಿಮಿಷ ಬಿಟ್ಟು "ಏನೇ?" ಎಂದು ಮೆಸೇಜು ಹಾಕುತ್ತಾಳೆ. ಎಲ್ಲಿಗೆ ಹೋದರೂ ಹಟ ಹಿಡಿದು ನನ್ನ ಬಲಗಡೆಗೇ ಕೂರುತ್ತಾಳೆ. ಇಂಥ ಗಂಡನ ಜೊತೆ ಮೂವತ್ತು ವರ್ಷ ಬಾಳಿದರೆ ಯಾರಿಗಾದರೂ ಒಂದೆರಡು ವಿಚಿತ್ರ ಅಂಟಿಕೊಳ್ಳದೇ ಇರುತ್ತದೆಯೇ ಎಂದುಕೊಂಡು ನಾನು ಸುಮ್ಮನಿದ್ದೆ.

ಭಾವನ ಕೀರ್ತಿ ಶಿಖರಕ್ಕೇರಿದ್ದು ನಮ್ಮ ಕೂಟದ ಅಧ್ಯಕ್ಷರ ಭಾಷಣದ ದಿನ. ಅಧ್ಯಕ್ಷರು ಮೈಕನ್ನು ಬಾಯಿಗೆ ಎಷ್ಟು ಹತ್ತಿರ ಹಿಡಿಯುತ್ತಾರೆ ಎಂದರೆ ಮೈಕೋ ಕುಲ್ಫಿಯೋ ಎಂದು ಮುಂದಿನ ಸಾಲಿನ ಮಕ್ಕಳಿಗೆ ಅನುಮಾನ ಬರುತ್ತದೆ. ಕೆಂಪು ದೀಪ ಆರುವುದೇ ಇಲ್ಲ. ಭಾವ ಕೈ ಬೀಸಿ ನೋಡಿದರು, ಎದ್ದು ನಿಂತು ನೋಡಿದರು, ಪ್ರಯೋಜನವಾಗಲಿಲ್ಲ. ಮುಂದಿನ ಸಲ ಸೇನೆಯ ಮೆಸ್ಸಿನ ಕಾಲದ ಒಂದು ಟೇಬಲ್ ಟೆನಿಸ್ ಬ್ಯಾಟು ತಂದರು. ಅದರ ಒಂದು ಮುಖ ಕೆಂಪು. ಅಧ್ಯಕ್ಷರು "ಮಹನೀಯರೇ" ಎನ್ನುತ್ತಿದ್ದಂತೆ ದೀಪ ಕೆಂಪಾಯಿತು. ಸಭಾಂಗಣದ ಹಿಂದಿನಿಂದ ಭಾವ ಬ್ಯಾಟನ್ನು ತಲೆಯ ಮೇಲೆ ಎತ್ತಿ ಹಿಡಿದರು. ಅಧ್ಯಕ್ಷರು ತಬ್ಬಿಬ್ಬಾದರು. ಸಮಯ ಮುಗಿಯಿತೆಂಬ ಸೂಚನೆ ಇರಬೇಕು ಎಂದುಕೊಂಡು ಎಂಟು ಹಾಳೆಯ ಭಾಷಣವನ್ನು ಎರಡು ನಿಮಿಷದಲ್ಲಿ ಮುಗಿಸಿ ಕೂತುಬಿಟ್ಟರು. ಹಾಗೆ ಚಪ್ಪಾಳೆ ಬಿದ್ದದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ! ಈಗ ಪ್ರತಿ ಕಾರ್ಯಕ್ರಮಕ್ಕೂ ಕಾರ್ಯದರ್ಶಿಗಳೇ ಫೋನು ಮಾಡಿ ವಿಚಾರಿಸುತ್ತಾರೆ: "ಸಾರ್, ಬ್ಯಾಟು ಮರೀಬೇಡಿ."

ಇನ್ನು, ಇಷ್ಟು ವರ್ಷ ಸೌಂಡು ನೋಡಿಕೊಂಡ ಮನುಷ್ಯ ಒಂದಾದರೂ ಕಾರ್ಯಕ್ರಮವನ್ನು ನೋಡಿದ್ದಾರೆಯೇ? ತಲೆ ಎತ್ತಿದರೆ ತಾನೆ! ಕಣ್ಣು ಯಾವಾಗಲೂ ದೀಪದ ಮೇಲೆ. ಒಮ್ಮೆ ನಾಟಕ ಮುಗಿದ ಮೇಲೆ ಹೇಗಿತ್ತು ಎಂದು ಕೇಳಿದೆ. "ರಾವಣ ಒಳ್ಳೆಯವನು, ಹಳದಿ ದಾಟಲಿಲ್ಲ. ಸೀತೆದೇ ಸ್ವಲ್ಪ ಜಾಸ್ತಿ ಆಯ್ತು" ಎಂದರು.

ಈಗ ಆಕ್ಸ್ ಎಂಬುದರ ಬಗ್ಗೆ ಹೇಳಲೇಬೇಕು, ಏಕೆಂದರೆ ನನ್ನ ಕಥೆ ಸಿಕ್ಕಿಹಾಕಿಕೊಂಡಿರುವುದೇ ಅಲ್ಲಿ. ಪ್ರತಿ ಓಣಿಯಲ್ಲೂ ಫೇಡರಿಗಿಂತ ಮೇಲೆ ನಾಲ್ಕು ಪುಟ್ಟ ತಿರುಗುಗುಂಡಿಗಳಿವೆ. ಆಕ್ಸ್ ಒಂದು, ಎರಡು, ಮೂರು, ನಾಲ್ಕು. ಇವು ಯಾಕೆ ಎಂದು ಕೇಳಿದ್ದಕ್ಕೆ ಭಾವ ಅಕ್ಕನ ಅಡುಗೆಮನೆಯಿಂದ ನಾಲ್ಕು ಟಿಫಿನ್ ಡಬ್ಬಿ ತಂದು ನನ್ನ ಮುಂದೆ ಸಾಲಾಗಿ ಇಟ್ಟರು.

"ಊಟದ ಮನೇಲಿ ಎಲೆ ಹಾಕಿ ಎಲ್ಲರಿಗೂ ಬಡಿಸ್ತೀರಿ. ಅದು ಸಭಿಕರಿಗೆ. ಸರಿನಾ? ಆದ್ರೆ ಅದೇ ಹುಳಿ, ಅದೇ ಪಲ್ಯ ಡಬ್ಬಿಗೂ ಹಾಕಿ ಕಳಿಸಬಹುದು. ಈ ಡಬ್ಬಿಯವನಿಗೆ ಹುಳಿ ಜಾಸ್ತಿ, ಪಲ್ಯ ಬೇಡ. ಆ ಡಬ್ಬಿಯವನಿಗೆ ಬರೀ ಮೊಸರನ್ನ. ಹಾಡೋರ ಮುಂದೆ ನೆಲದ ಮೇಲೆ ಅವರ ಕಡೆಗೇ ಮುಖ ಮಾಡಿಕೊಂಡು ಒಂದು ಸ್ಪೀಕರ್ ಇರುತ್ತಲ್ಲ, ಮಾನಿಟರು? ಅದು ಅವರ ಡಬ್ಬಿ. ಸಭೆ ಕೇಳೋದೇ ಬೇರೆ, ಅವರು ಕೇಳೋದೇ ಬೇರೆ."

"ಊಟದ ಮನೆ ಬಾಗಿಲು ಹಾಕಿಬಿಟ್ರೆ?" ನಾನು ಸುಮ್ಮನೆ ತರಲೆಗೆ ಕೇಳಿದೆ.

ಭಾವನಿಗೆ ಎಷ್ಟು ಖುಷಿಯಾಯಿತೆಂದರೆ ಹೆಗಲು ತಟ್ಟುವುದೊಂದು ಬಾಕಿ. "ಶಾಬಾಶ್! ಬಾಗಿಲು ಹಾಕಿದ್ರೂ ಡಬ್ಬಿ ಹೋಗುತ್ತೆ. ಫೇಡರ್ ಪೂರ್ತಿ ಕೆಳಗಿದ್ರೂ ಆಕ್ಸ್ ಹೋಗುತ್ತೆ. ನಾನು ಹಾಗೇ ಇಟ್ಟಿದೀನಿ."

ಆ ದಿನ ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಡಬ್ಬಿಗಳನ್ನು ತೊಳೆದು ವಾಪಸ್ ಇಡುವ ಯೋಚನೆಯಲ್ಲಿದ್ದೆ.

ಮಾನಿಟರು ಇರುವ ಕಡೆ ದೂರು ಇರಲೇಬೇಕು. ಸರೋಜಿನಿ ನಗರದಿಂದ ಬರುವ ನಮ್ಮ ಹಾರ್ಮೋನಿಯಂ ಮಾಸ್ತರರು ಪ್ರತಿ ಸಲವೂ ಪೆಟ್ಟಿಗೆ ಬಿಚ್ಚುವ ಮೊದಲೇ, "ನನಗೆ ನನ್ನದೇ ಕೇಳಿಸ್ತಿಲ್ಲ" ಎನ್ನುತ್ತಾರೆ. ಭಾವ ಗಂಭೀರವಾಗಿ ಬಗ್ಗಿ ಗುಂಡಿಯ ಮೇಲೆ ಬೆರಳಿಡುತ್ತಾರೆ. "ಈಗ?" "ಹಾಂ, ಈಗ ಪರವಾಗಿಲ್ಲ." "ಇನ್ನೂ ಸ್ವಲ್ಪ?" "ಸಾಕು ಸಾಕು, ಫಸ್ಟ್ ಕ್ಲಾಸ್!" ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ಗುಂಡಿ ಕೂದಲೆಳೆಯಷ್ಟೂ ತಿರುಗಿರುವುದಿಲ್ಲ. ಇದು ಮೋಸವಲ್ಲವೇ ಎಂದು ಕೇಳಿದರೆ, "ಅವರಿಗೆ ಬೇಕಾಗಿದ್ದು ಸೌಂಡಲ್ಲಮ್ಮ, ವಿಚಾರಿಸೋರು" ಎಂದರು.

ಯಾರ ಗುಂಡಿ ಎಲ್ಲಿರಬೇಕು ಎಂದು ನೆನಪಿಡಲು ಭಾವ ಅಕ್ಕನ ಸ್ಟಿಕ್ಕರ್ ಬಿಂದಿ ಉಪಯೋಗಿಸುತ್ತಾರೆ. ಮಾಸ್ತರರ ಫೇಡರಿನ ಪಕ್ಕ ಇಲ್ಲೊಂದು ಹಸಿರು ಬಿಂದಿ, ನಿರೂಪಕಿಯ ಪಕ್ಕ ಅಲ್ಲೊಂದು ಕಪ್ಪು. ದೂರದಿಂದ ನೋಡಿದರೆ ಹಲಗೆಯನ್ನು ಮದುವೆಗೆ ಸಿಂಗರಿಸಿದ ಹಾಗೆ ಕಾಣುತ್ತದೆ. ಅದರ ಪಕ್ಕದಲ್ಲಿ ಅಕ್ಕ ತಲೆಯ ಮೇಲೆ ದಪ್ಪನೆಯ ಹೆಡ್‌ಫೋನು ಏರಿಸಿಕೊಂಡು ಸ್ವೆಟರ್ ಹೆಣೆಯುತ್ತ ಕೂತಿರುತ್ತಾಳೆ. ಕೂಟದವರು ಅವಳಿಗೆ ಪೈಲಟ್ ಎಂದು ಹೆಸರಿಟ್ಟಿದ್ದಾರೆ. ಗಂಡನಿಗೆ ಸಹಾಯಕ್ಕೆ ಕೂರುತ್ತಾಳೆ, ಗರಗರ ಸದ್ದು ಬಂದರೆ ಹೇಳುತ್ತಾಳೆ ಎಂದೇ ನಾವೆಲ್ಲ ತಿಳಿದಿದ್ದೆವು.

ನಾನು ಆ ಕೂಟದ ಸಮೂಹಗಾನದಲ್ಲಿ ಹತ್ತು ವರ್ಷದಿಂದ ಎರಡನೆಯ ಸಾಲಿನ ಗಾಯಕಿ. ಹನ್ನೊಂದನೆಯ ಓಣಿ. ನನ್ನ ಮುಂದಿನ ಮಾನಿಟರಿನಲ್ಲಿ ನನ್ನ ದನಿ ಜೇನು ಸುರಿದ ಹಾಗೆ ಕೇಳಿಸುತ್ತದೆ. ಓಖ್ಲಾದಲ್ಲಿ ಇಡ್ಲಿ ಹೋಟೆಲು ನಡೆಸುವ, ಕುಂದಾಪುರದ ಕಡೆಯ ನಮ್ಮ ಖಜಾಂಚಿಗಳಂತೂ ಪ್ರತಿ ವರ್ಷ ತಪ್ಪದೆ ಬಂದು, "ಎಂತ ಹಾಡಿದ್ರಿ ಮಾರಾಯ್ರೇ! ಅಷ್ಟು ಜನರಲ್ಲಿ ನಿಮ್ಮ ಸ್ವರವೇ ಎದ್ದು ಬರ್ತಿತ್ತು" ಎನ್ನುತ್ತಾರೆ. ಒಂದು ಸಲ ನನ್ನ ಮಗಳು ಫೋನಿನಲ್ಲಿ ವಿಡಿಯೋ ತೆಗೆದು, "ಅಮ್ಮಾ, ಇಸ್‌ಮೇ ತೋ ನಿನ್ನ ಆವಾಜ್ ಬರ್ತಾನೇ ಇಲ್ಲ, ಓನ್ಲಿ ಲಿಪ್ಸ್ ಚಲ್ ರಹೇ ಹೈಂ" ಎಂದಳು. ಆ ಫೋನೇ ಸರಿಯಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ಈ ಸಲದ ರಾಜ್ಯೋತ್ಸವಕ್ಕೆ ನನಗೆ ನಾಲ್ಕು ಸಾಲು ಒಂಟಿಯಾಗಿ ಹಾಡಲು ಕೊಟ್ಟರು. ನಾಲ್ಕೇ ಸಾಲು! ನಗಬೇಡಿ. ಐವತ್ತು ದಾಟಿದ ಮೇಲೆ, ಎರಡನೆಯ ಸಾಲಿನ ಹತ್ತು ವರ್ಷದ ಮೇಲೆ, ತುಂಬಿದ ಸಭೆ ನನ್ನೊಬ್ಬಳ ದನಿಯನ್ನು ಕೇಳುತ್ತದೆ ಎಂದರೆ ಅದೇನು ಸಣ್ಣ ಮಾತೇ? ಚಪಾತಿ ಲಟ್ಟಿಸುತ್ತ ಹಾಡಿದೆ, ಮೆಟ್ರೋದ ಎಸ್ಕಲೇಟರಿನಲ್ಲಿ ಬಾಯೊಳಗೇ ಹಾಡಿದೆ. ನವೆಂಬರಿನ ಹೊಗೆಗೆ ಗಂಟಲು ಕೆಟ್ಟೀತೆಂದು ಮನೆಯೊಳಗೂ ಮಾಸ್ಕ್ ಹಾಕಿಕೊಂಡು ಓಡಾಡಿದೆ. ಹಿಂದಿನ ದಿನ ಒಂದು ಡಬ್ಬಿ ಕೋಡುಬಳೆ ಮಾಡಿಕೊಂಡು ಭಾವನ ಮುಂದೆ ನಿಂತೆ.

"ಭಾವ, ನಾಳೆ ನನ್ನದು ಸ್ವಲ್ಪ ಜಾಸ್ತಿ ಇಡಿ."

"ಲೆವೆಲ್ಲು ಲಂಚಕ್ಕೆ ಏರಲ್ಲಮ್ಮ" ಎಂದು ಭಾವ ಮೂರನೆಯ ಕೋಡುಬಳೆ ಮುರಿದರು.

ಕಾರ್ಯಕ್ರಮ ನಾಲ್ಕು ಗಂಟೆಗೆ, ಬಾಡಿಗೆಗೆ ಹಿಡಿದ ಒಂದು ಶಾಲೆಯ ಸಭಾಂಗಣದಲ್ಲಿ. ನಾನು ಹನ್ನೆರಡಕ್ಕೇ ಹೋದೆ. ಭಾವ ಯಾವುದೋ ಪ್ಲಗ್ಗಿನ ವಿಷಯಕ್ಕೆ ಶಾಲೆಯ ಎಲೆಕ್ಟ್ರಿಷಿಯನ್ ಜೊತೆ ಜಗಳಕ್ಕೆ ಹೋಗಿದ್ದರು. ಅಕ್ಕ ಹೆಡ್‌ಫೋನು ಹಾಕಿಕೊಂಡು ಹೆಣಿಗೆಯಲ್ಲಿದ್ದಳು. ವೇದಿಕೆಯ ಮೇಲೆ ನಮ್ಮ ಗುಂಪಿನವರೊಬ್ಬರು ನನ್ನ ಮೈಕಿನಲ್ಲಿ "ಹಲೋ, ಹಲೋ" ಎನ್ನುತ್ತಿದ್ದರು. ಹನ್ನೊಂದನೆಯ ಓಣಿಯಲ್ಲಿ ಹಸಿರು ದೀಪ ಕುಣಿಯುತ್ತಿತ್ತು. ಆದರೆ ಸಭಾಂಗಣದ ಸ್ಪೀಕರುಗಳಲ್ಲಿ ಸದ್ದೇ ಇಲ್ಲ. ಬಗ್ಗಿ ನೋಡಿದೆ. 'ನಾದಿನಿ' ಎಂದು ಬರೆದು ಅಂಟಿಸಿದ್ದ ಟೇಪಿನ ಮೇಲುಗಡೆ ನನ್ನ ಫೇಡರು ತಳದಲ್ಲಿ ಕೂತಿತ್ತು. ಎಲೆಕ್ಟ್ರಿಷಿಯನ್ ಜಗಳದಲ್ಲಿ ಮೇಲೆ ಮಾಡಲು ಮರೆತಿರಬೇಕು ಎಂದುಕೊಳ್ಳುವಷ್ಟರಲ್ಲಿ ಬಿಂದಿ ಕಾಣಿಸಿತು. ಮಾಸ್ತರರ ಬಿಂದಿ ನಡುವಿನಲ್ಲಿ, ಉಳಿದ ಗಾಯಕಿಯರ ಬಿಂದಿ ಅಲ್ಲಲ್ಲಿ. ನನ್ನದು, ಅಂಚು ಸವೆದು ಮಾಸಿಹೋದ ಒಂದು ಹಳೆಯ ಬಿಂದಿ, ಕಟ್ಟಕಡೆಯಲ್ಲಿ, ಸೊನ್ನೆಯ ಪಕ್ಕದಲ್ಲಿ!

ಭಾವ ಗೆದ್ದ ಮುಖ ಹೊತ್ತುಕೊಂಡು ವಾಪಸ್ ಬಂದರು.

"ಭಾವ, ಇದು ನನ್ನ ಓಣಿ ತಾನೆ?"

"ಹೂಂ. ಹನ್ನೊಂದು."

"ಫೇಡರ್ ಕೆಳಗಿದೆ."

"ಇದೆ."

"ಬಿಂದಿನೂ ಕೆಳಗೇ ಇದೆ!"

"ಅದಕ್ಕೇ ಫೇಡರೂ ಕೆಳಗಿದೆ."

"ಎಷ್ಟು ವರ್ಷದಿಂದ?"

ಸೇನೆಯವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಭಾವ ಬೆರಳಲ್ಲಿ ಲೆಕ್ಕ ಹಾಕಿ, "ನೀನು ಎಲ್ಲರಿಗೂ ಹೋಳಿಗೆ ಮಾಡಿ ತಂದಿದ್ಯಲ್ಲ, ಆ ವರ್ಷದಿಂದ" ಎಂದರು.

"ಹೋಳಿಗೆ ತಂದಿದ್ದು ಮೊದಲನೇ ವರ್ಷ!"

"ಹಾಂ, ಅದೇ."

ಹತ್ತು ವರ್ಷ! ಹತ್ತು ರೇಷ್ಮೆ ಸೀರೆ ಉಟ್ಟು, ಹತ್ತು ಸಲ ಗಂಟಲಿಗೆ ಜ್ಯೇಷ್ಠಮಧು ಹಾಕಿಕೊಂಡು, ಸಭೆಗೆ ಬರೀ ತುಟಿ ಆಡಿಸಿ ಬಂದಿದ್ದೆ. "ಯಾಕೆ, ಭಾವ?" ಎಂದೆ. ದನಿ ಹಸಿರಿಗೂ ಬರಲಿಲ್ಲ.

"ನೀನು ತಾಳಕ್ಕಿಂತ ಅರ್ಧ ಹೆಜ್ಜೆ ಮುಂದೆ ಹಾಡ್ತೀಯ. ರಾಜೀವ್ ಚೌಕದಲ್ಲಿ ಮೆಟ್ರೋ ಬಾಗಿಲು ಮುಚ್ಚಿಕೊಳ್ತಿದೆಯೇನೋ ಅನ್ನೋ ಹಾಗೆ. ನೀನು ಹತ್ತಿಬಿಡ್ತೀಯ, ಉಳಿದ ಏಳು ಜನ ಪ್ಲಾಟ್‌ಫಾರ್ಮಲ್ಲೇ ಉಳ್ಕೋತಾರೆ."

"ಹಾಗಾದ್ರೆ ಇಷ್ಟು ವರ್ಷ ನಾನು ಹಾಡಿದ್ದು ಯಾರಿಗೂ ಕೇಳಿಸಿಲ್ಲ."

"ಯಾರಿಗೂ ಅಂತ ಯಾರು ಹೇಳಿದ್ರು? ಆಕ್ಸ್ ನಾಲ್ಕು ನೋಡು."

ನೋಡಿದೆ. ಉಳಿದ ಹದಿನೈದು ಓಣಿಗಳಲ್ಲಿ ನಾಲ್ಕನೆಯ ಆಕ್ಸಿನ ಗುಂಡಿ ಕಡಿಮೆಯಲ್ಲಿತ್ತು. ನನ್ನ ಓಣಿಯಲ್ಲಿ ಮಾತ್ರ ತಿರುಗಿಸಬಹುದಾದಷ್ಟೂ ತಿರುಗಿಸಿ, ಅದರ ಪಕ್ಕ ಒಂದು ಕುಂಕುಮದ ಬಣ್ಣದ ಬಿಂದಿ ಅಂಟಿಸಿತ್ತು.

"ಈ ಡಬ್ಬಿ ಯಾರದ್ದು?"

ಭಾವ ಹಲಗೆಯ ಹಿಂದಿನಿಂದ ಹೊರಟ ಒಂದು ಕಪ್ಪು ತಂತಿಯನ್ನು ಬೆರಳಿನಲ್ಲಿ ತೋರಿಸಿದರು. ತಂತಿ ಮೇಜಿನ ಅಂಚಿಗೆ ಹೋಗಿ, ಒಂದು ಪುಟ್ಟ ಪೆಟ್ಟಿಗೆ ಹೊಕ್ಕು, ಅಲ್ಲಿಂದ ಹೊರಬಂದು, ಉಲ್ಲನ್ನಿನ ಉಂಡೆಯ ಪಕ್ಕದಲ್ಲಿ ಹಾದು, ಅಕ್ಕನ ಹೆಡ್‌ಫೋನಿಗೆ ಸೇರಿತ್ತು.

"ಬಲಗಿವಿ ಹೋಗಿ ಆರು ವರ್ಷ ಆಯ್ತು" ಎಂದರು ಭಾವ, ದೀಪಗಳನ್ನೇ ನೋಡುತ್ತ. "ಎಡದ್ದು ಅರ್ಧ. ಗುಂಪಲ್ಲಿ ಎಲ್ಲಾ ಕಲಸಿಹೋಗುತ್ತೆ ಅವಳಿಗೆ. ಕೂಗಿದ್ರೆ ಇನ್ನೂ ಕಲಸುತ್ತೆ. ಕಿವಿ ಮಷೀನು ಹಾಕ್ಕೊಂಡ್ರೆ ಹಾಲ್ ತುಂಬ ಕುರ್ಚಿ ಎಳೆಯೋ ಸದ್ದೇ ಕೇಳುತ್ತೆ ಅಂತ ಡ್ರಾಯರಲ್ಲಿ ಇಟ್ಟಿದಾಳೆ. ಯಾರಿಗೂ ಹೇಳಬೇಡಿ ಅಂದಿದ್ಲು. ಹೇಳಿದ್ರೆ ಎಲ್ಲರೂ ಅವಳ ಹತ್ರ ಕೆಂಪಲ್ಲೇ ಮಾತಾಡೋಕೆ ಶುರುಮಾಡ್ತಾರೆ." ಸೇನೆಯವರಲ್ಲವೇ, ಲೆಕ್ಕ ಸರಿಪಡಿಸಿದರು: "ಮೊದಲನೇ ನಾಲ್ಕು ವರ್ಷ ಯಾರಿಗೂ ಕೇಳಿಸಿಲ್ಲ. ಅದು ನಿಜ."

ಫೋನು ಎತ್ತದ ಅಕ್ಕ, ಎಲ್ಲದಕ್ಕೂ ಹೂಂ ಎನ್ನುವ ಅಕ್ಕ, ಹಟ ಮಾಡಿ ನನ್ನ ಬಲಕ್ಕೆ ಕೂತು ಎಡಗಿವಿಯನ್ನು ನನ್ನ ಕಡೆಗೆ ಇಟ್ಟುಕೊಳ್ಳುತ್ತಿದ್ದ ಅಕ್ಕ. ಹಾಲಿನ ಪ್ಯಾಕೆಟ್ಟಿನ ತಾರೀಕಿನಿಂದ ಹಿಡಿದು ಪಕ್ಕದ ಮನೆಯವರ ಗ್ಯಾಸ್ ಸಿಲಿಂಡರ್ ಬಂದ ದಿನದವರೆಗೆ ನನಗೆ ಎಲ್ಲ ಗೊತ್ತಿರುತ್ತದೆ. ಇದೊಂದು ಗೊತ್ತಾಗಿರಲಿಲ್ಲ.

ನಾವಿಬ್ಬರೂ ತನ್ನನ್ನೇ ನೋಡುತ್ತಿರುವುದು ಕಂಡು ಅಕ್ಕ ಹೆಡ್‌ಫೋನು ತೆಗೆದಳು. "ಏನಂತೆ ಇವಳದ್ದು?"

ಭಾವ ಅವಳ ಎಡಕ್ಕೆ ಬಗ್ಗಿ, ಮೆಲ್ಲಗೆ, ಬಿಡಿಸಿ ಹೇಳಿದರು. "ಫೇಡರ್ ನೋಡಿದ್ಲು."

"ಅಯ್ಯೋ! ಆ ಬಿಂದಿ ಕಿತ್ತು ಬಿಸಾಕಿ ಅಂತ ಆವತ್ತೇ ಬಡ್ಕೊಂಡೆ ನಿಮಗೆ!"

ಅಂದರೆ ಇವಳಿಗೂ ಗೊತ್ತಿತ್ತು! ನಾನು ಸೊಂಟದ ಮೇಲೆ ಕೈ ಇಟ್ಟೆ. ಅಕ್ಕ ಆ ಕೈ ಎಳೆದು ಪಕ್ಕದ ಕುರ್ಚಿಯಲ್ಲಿ, ತನ್ನ ಎಡಗಡೆಗೆ ಕೂರಿಸಿಕೊಂಡಳು.

"ಮುಖ ಊದಿಸಬೇಡ. ಬೇರೆಯವರು ಹಾಡಿದ್ರೆ ನನಗೆ ಸದ್ದು ಬರುತ್ತೆ, ಮಾತು ಬರಲ್ಲ ಕಣೇ. ನಿನ್ನದು ಮಾತ್ರ ಬರುತ್ತೆ. ನಾನೇ ಹೇಳಿಕೊಟ್ಟಿದ್ದಲ್ವಾ, ನೀನು ಎಲ್ಲಿ ಉಸಿರು ತಗೋತೀಯ ಅಂತ ಗೊತ್ತು ನನಗೆ. ನಿನ್ನ ಹಿಡ್ಕೊಂಡೇ ಉಳಿದ ಹಾಡು ದಾಟ್ತೀನಿ." ಇಷ್ಟು ಹೇಳಿ ಹೆಡ್‌ಫೋನು ಏರಿಸಿಕೊಂಡು, ಬಿಟ್ಟ ಸಾಲಿನಿಂದ ಹೆಣಿಗೆ ಮುಂದುವರಿಸಿದಳು.

"ಸಂಜೆ ಏನು ಮಾಡ್ತೀರಿ?" ಎಂದು ಭಾವನನ್ನು ಕೇಳಿದೆ.

"ನೀನು ಹಾಡು" ಎಂದರು. ಅಷ್ಟೇ.

ಹಾಡಿದೆ. ಸಭೆ ತುಂಬಿತ್ತು, ಮುಂದಿನ ಸಾಲಿನಲ್ಲಿ ಯಾರ್ಯಾರೋ ದೊಡ್ಡವರಿದ್ದರು. ಅಷ್ಟು ದಿನ ಕನಸು ಕಂಡ ಆ ಸಭೆಯ ಕಡೆಗೆ ನಾನು ನೋಡಲೇ ಇಲ್ಲ. ಹಿಂದೆ, ಬಾಗಿಲಿನ ಹತ್ತಿರ, ಮೇಜಿನ ದೀಪದ ಬೆಳಕಿನಲ್ಲಿ ಕಾಣುತ್ತಿದ್ದ ದಪ್ಪ ಹೆಡ್‌ಫೋನಿನ ಕಡೆಗೆ ನೋಡಿ ಹಾಡಿದೆ. ಮೊದಲ ಸಾಲಿಗೆ ಅಕ್ಕನ ಹೆಣಿಗೆ ಕಡ್ಡಿಗಳು ನಿಂತವು. ಎರಡನೆಯ ಸಾಲಿಗೆ, ನಮ್ಮ ಅವ್ವ ತೂಗುತ್ತಿದ್ದ ಹಾಗೆ ತಲೆ ತೂಗತೊಡಗಿದಳು. ಮೂರು, ನಾಲ್ಕು ಹೇಗೆ ಮುಗಿದವೋ ತಿಳಿಯದು. ತಾಳಕ್ಕಿಂತ ಮುಂದೆ ಹೋದೆನೋ ಹಿಂದೆ ಉಳಿದೆನೋ ಅದೂ ತಿಳಿಯದು.

ಆಮೇಲೆ ಇಡ್ಲಿ ಹೋಟೆಲಿನ ಖಜಾಂಚಿಗಳು ಬಂದರು. "ಎಂತ ಹಾಡಿದ್ರಿ ಮಾರಾಯ್ರೇ! ನಿಮ್ಮ ಸ್ವರವೇ ಎದ್ದು ಬರ್ತಿತ್ತು." ಪುಣ್ಯಾತ್ಮರು ಫೇಡರ್ ಕೆಳಗಿದ್ದ ಹತ್ತು ವರ್ಷವೂ ಇದನ್ನೇ ಹೇಳಿದವರು! ಇವರ ಸಾಕ್ಷಿ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ. ಮಗಳು ಪರೀಕ್ಷೆ ಎಂದು ಬಂದಿರಲಿಲ್ಲ, ವಿಡಿಯೋ ಇಲ್ಲ. ನಿಜ ಗೊತ್ತಾಗಬೇಕಾದರೆ ಒಂದೇ ದಾರಿ, ಹಲಗೆಯ ಹತ್ತಿರ ಹೋಗಿ ಹನ್ನೊಂದನೆಯ ಓಣಿಯ ತಳ ನೋಡುವುದು. ಭಾವ ತಂತಿ ಸುತ್ತುತ್ತಿದ್ದರು. ನಾನು ಹತ್ತಿರ ಹೋದೆ. ಹೂವಿನ ಗವಸು ತೆಗೆದುಕೊಂಡು, ಮುಖ ಬೇರೆ ಕಡೆ ತಿರುಗಿಸಿ, ಮಿಕ್ಸರಿಗೆ ಹೊದಿಸಿಬಿಟ್ಟೆ. ಭಾವ ನೋಡಿದರು, ತಂತಿ ಸುತ್ತುವುದನ್ನು ಮುಂದುವರಿಸಿದರು.

ಕಾರಿನಲ್ಲಿ ಮುಂದಿನ ಸೀಟು ಮಿಕ್ಸರಿಗೆ, ಸೀಟ್ ಬೆಲ್ಟ್ ಸಮೇತ. ಹಿಂದೆ ನಾನು, ನನ್ನ ಬಲಕ್ಕೆ ಅಕ್ಕ. ಧೌಲಾ ಕುವಾಂ ಹತ್ತಿರ ಎಂದಿನ ಜಾಮಿಗೆ ಸಿಕ್ಕಿಕೊಂಡೆವು. ಬಸ್ಸು, ಟೆಂಪೋ, ಮೋಟಾರ್ ಸೈಕಲ್ಲು ಎಲ್ಲವೂ ನಿಂತಲ್ಲೇ ಹಾರ್ನ್ ಒತ್ತುತ್ತಿದ್ದವು, ಪೂರಾ ಕೆಂಪು. ಅದರ ನಡುವೆ ಅಕ್ಕ ಇದ್ದಕ್ಕಿದ್ದಂತೆ ಹಾಡತೊಡಗಿದಳು. ನನ್ನದೇ ನಾಲ್ಕು ಸಾಲು. ಅವಳು ಹಾಡಿದ್ದು ಕೇಳಿ ಎಷ್ಟು ವರ್ಷವಾಗಿತ್ತೋ. ತನ್ನ ದನಿ ತನಗೇ ಕೇಳಿಸದೆ ಬೇಕಾದ್ದಕ್ಕಿಂತ ಜೋರಾಗಿ ಹಾಡುತ್ತಿದ್ದಳು. ಅದೂ ತಾಳಕ್ಕಿಂತ ಅರ್ಧ ಹೆಜ್ಜೆ ಮುಂದೆ! ಆ ಓಟ ನನಗೆ ಎಲ್ಲಿಂದ ಬಂತು ಎಂದು ಆಗ ಗೊತ್ತಾಯಿತು.

ಭಾವ ಏನಾದರೂ ಹೇಳಿಯಾರೆಂದು ಕನ್ನಡಿಯಲ್ಲಿ ಅವರ ಮುಖ ನೋಡಿದೆ. ತರಕಾರಿ ಭಯ್ಯಾನನ್ನು ಬ್ಲಾಕು ಬಿಡಿಸಿದವರು, ಅಧ್ಯಕ್ಷರಿಗೆ ಕೆಂಪು ಬ್ಯಾಟು ತೋರಿಸಿದವರು. ಅವರು ಕೈ ಚಾಚಿ ತಮ್ಮ ಕಡೆಯ ಗುಂಡಿ ಒತ್ತಿದರು. ನಾಲ್ಕೂ ಕಿಟಕಿಗಳ ಗಾಜು ನಿಧಾನವಾಗಿ ಮೇಲೇರಿತು. ದೆಹಲಿಯ ಹಾರ್ನುಗಳೆಲ್ಲ ಕೆಳಗಿಳಿದು, ಕಾರಿನೊಳಗೆ ಅಕ್ಕನ ದನಿಯೊಂದೇ ಉಳಿಯಿತು.